ಚೋರ್ ಬಜಾರಿನ ಗೊಂಬೆಮನೆ

"ನಮಗೇ ಕಾಲು ಚಾಚೋಕೆ ಜಾಗ ಇಲ್ಲ, ಇನ್ನು ಗೊಂಬೆಗಳಿಗೆ ಬೇರೆ ಮನೆ ತಂದ್ರಾ?"

ಬಾಗಿಲು ತೆಗೆದ ನನ್ನಾಕೆ ಕೇಳಿದ ಮೊದಲ ಪ್ರಶ್ನೆ ಇದು. ಎರಡನೆಯದು, "ಎಷ್ಟು ಕೊಟ್ರಿ?" ಸಾವಿರದ ಇನ್ನೂರು ಅಂದೆ. ಟ್ಯಾಕ್ಸಿಗೆ ಕೊಟ್ಟದ್ದನ್ನು ಹೇಳಲಿಲ್ಲ. ಬ್ಯಾಂಕಿನಲ್ಲಿ ಇಷ್ಟು ವರ್ಷ ಕೆಲಸ ಮಾಡಿದವನಿಗೆ ಯಾವ ಖರ್ಚನ್ನು ಯಾವ ತಲೆಬರಹದ ಕೆಳಗೆ ತೋರಿಸಬೇಕು ಅನ್ನುವುದಾದರೂ ಗೊತ್ತಿರಬೇಕಲ್ಲ!

ನಾನು ಹೋಗಿದ್ದು ಗೊಂಬೆಮನೆಗಲ್ಲ. ಮನೆಯಲ್ಲಿರುವ ಹಳೇ ಕಪಾಟಿಗೆ ಒಂದು ಜೊತೆ ಹಿತ್ತಾಳೆ ಬಿಜಾಗರಿ ಬೇಕಿತ್ತು. ಮುಂಬೈಯಲ್ಲಿ ಮೂವತ್ತು ವರ್ಷದಿಂದ ಇದ್ದವರಿಗೆ ಅಂಥದ್ದಕ್ಕೆಲ್ಲ ಚೋರ್ ಬಜಾರೇ ಗತಿ. ಮಟನ್ ಸ್ಟ್ರೀಟಿನ ಒಂದು ಅಂಗಡಿಯಲ್ಲಿ ಮುರಿದ ಗ್ರಾಮೋಫೋನಿನ ಕೆಳಗೆ ಇದು ಕೂತಿತ್ತು. ಎರಡಂತಸ್ತಿನ ಮರದ ಮನೆ, ನಾಲ್ಕು ಕೋಣೆ. ಮುಂದಿನ ಗೋಡೆ ಕಪಾಟಿನ ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಬಿಳಿ ಗೋಡೆಯ ಮೇಲೆ ಕಪ್ಪು ಮರದ ಪಟ್ಟಿಗಳಿರುವಂತೆ ಬಣ್ಣ, ತಗಡಿನ ಪುಟ್ಟ ಕಿಟಕಿಗಳು, ಅದರಲ್ಲಿ ಎರಡು ಇಲ್ಲ. ಒಂದು ಮೂಲೆ ಗೆದ್ದಲು ತಿಂದು ಪುಡಿಯಾಗಿತ್ತು. ಅಂಗಡಿಯವನು "ವಿಲಾಯತಿ ಮಾಲ್ ಹೈ ಸಾಬ್" ಅಂತ ನಾಲ್ಕು ಸಾವಿರದಿಂದ ಶುರು ಮಾಡಿದ. ಗೆದ್ದಲನ್ನು ತೋರಿಸಿದೆ. ಇಳಿದ.

ಎರಡು ಕೋಟ್ ಬಣ್ಣ ಬಳಿದು, ಒಳಗೆ ಹೊಸ ಕಾಗದ ಅಂಟಿಸಿ, ಅಕ್ಕನ ಮೊಮ್ಮಗಳ ಹುಟ್ಟುಹಬ್ಬಕ್ಕೆ ಕೊಡುವುದು ಅಂತ ನನ್ನ ಯೋಜನೆ. ಮುಂದಿನ ಭಾನುವಾರ ಮಲಗುವ ಕೋಣೆಯ ಗೋಡೆಯ ಗುಲಾಬಿ ಬಣ್ಣವನ್ನು ಒಂದು ಮೂಲೆಯಲ್ಲಿ ಕೆರೆದೆ. ಕೆಳಗೆ ಒಂದು ಕಾಗದ ಕಂಡಿತು. ಅದರ ಕೆಳಗೆ ಇನ್ನೊಂದು. ಅದರಡಿ ಮತ್ತೊಂದು... ಕೈ ನಿಂತಿತು. ಇದನ್ನು ಕೆರೆಯುವುದೋ ಬಿಡುವುದೋ ಅಂತ ತೀರ್ಮಾನಿಸುವ ಮೊದಲು ಈ ವಸ್ತು ಏನು, ಎಲ್ಲಿಂದ ಬಂತು ಅಂತ ತಿಳಿದುಕೊಳ್ಳೋಣ ಅನ್ನಿಸಿತು. ಹಾಗೆ ಓದುತ್ತ ಹೋಗಿ ನಾಲ್ಕೂವರೆ ಶತಮಾನ ಹಿಂದಕ್ಕೆ ಮುಟ್ಟಿದೆ. ಅದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೈಸೂರು ಕಡೆಯವರಿಗೆ ದಸರೆಗೆ ಗೊಂಬೆ ಕೂರಿಸುವುದು ಗೊತ್ತು. ಪಟ್ಟದ ಗೊಂಬೆಗಳು ತಾಯಿಯಿಂದ ಮಗಳಿಗೆ ಬರುತ್ತವೆ, ಮಕ್ಕಳು ದೂರದಿಂದ ನೋಡಬೇಕು, ಕೈಗೆ ಸಿಗುವುದಿಲ್ಲ. ಯುರೋಪಿನ ಗೊಂಬೆಮನೆಯ ಕಥೆಯೂ ಹೀಗೇ ಶುರುವಾಗುತ್ತದೆ. ಅದು ಮೊದಲು ಆಟದ ಸಾಮಾನೇ ಆಗಿರಲಿಲ್ಲ. ದೊಡ್ಡವರ ಸ್ವತ್ತು.

ದಾಖಲೆಯಲ್ಲಿ ಸಿಗುವ ಅತ್ಯಂತ ಹಳೆಯ ಗೊಂಬೆಮನೆ ಜರ್ಮನಿಯ ಮ್ಯೂನಿಕ್‌ನದು. ಬವೇರಿಯಾದ ಡ್ಯೂಕ್ ಐದನೇ ಆಲ್ಬ್ರೆಕ್ಟ್ 1557-58ರಲ್ಲಿ ಮಾಡಿಸಿದ್ದು. ಮಗಳಿಗಾಗಿ ಅಂತ ಹೇಳುವವರಿದ್ದಾರೆ, ಆದರೆ ಅದು ಹೋಗಿ ಸೇರಿದ್ದು ಅವನ ಅಪರೂಪದ ವಸ್ತುಗಳ ಸಂಗ್ರಹಕ್ಕೆ. ನಾಲ್ಕಂತಸ್ತಿನ ಅರಮನೆಯ ಪ್ರತಿರೂಪ. ಇವತ್ತು ಅದನ್ನು ನೋಡಲು ಸಾಧ್ಯವಿಲ್ಲ. 1674ರಲ್ಲಿ ಅರಮನೆಗೆ ಬೆಂಕಿ ಬಿದ್ದಾಗ ಸುಟ್ಟುಹೋಯಿತು ಅಂತ ಹೇಳುತ್ತಾರೆ. ಹಾಗಾದರೆ ಒಳಗೆ ಏನಿತ್ತು ಅಂತ ನಮಗೆ ಹೇಗೆ ಗೊತ್ತು? 1598ರಲ್ಲಿ ಆ ಸಂಗ್ರಹದ ದಾಸ್ತಾನು ಪಟ್ಟಿಯೊಂದನ್ನು ಬರೆದಿಟ್ಟಿದ್ದರು. ಮನೆ ಹೋಯಿತು, ಪಟ್ಟಿ ಉಳಿಯಿತು. ಸ್ಟಾಕ್ ರಿಜಿಸ್ಟರಿನ ಮಹಿಮೆ ನಮ್ಮ ಬ್ಯಾಂಕಿನ ಹೊಸ ಹುಡುಗರಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮುಂದಿನ ಶತಮಾನದಲ್ಲಿ ಗೊಂಬೆಮನೆ ಅರಮನೆಯಿಂದ ಪೇಟೆಗೆ ಬಂತು. ನ್ಯೂರೆಂಬರ್ಗ್ ಅನ್ನುವುದು ಕುಶಲಕರ್ಮಿಗಳ ಊರು, ನಮ್ಮ ಚನ್ನಪಟ್ಟಣದ ಹಾಗೆ ಆಟಿಕೆಗೆ ಹೆಸರಾದದ್ದು. ಅಲ್ಲಿ ಅನ್ನಾ ಕೋಫರ್ಲಿನ್ ಎಂಬ ಹೆಂಗಸು 1631ರಲ್ಲಿ ದೊಡ್ಡದೊಂದು ಗೊಂಬೆಮನೆಯನ್ನು ಜೋಡಿಸಿ, ಜನರಿಗೆ ದುಡ್ಡಿಗೆ ತೋರಿಸಿದಳು. ಅದಕ್ಕೊಂದು ಕರಪತ್ರವನ್ನೂ ಅಚ್ಚು ಹಾಕಿಸಿದಳು. ಹೆಣ್ಣುಮಕ್ಕಳು ಇದನ್ನು ನೋಡಿ ಮನೆವಾರ್ತೆ ಕಲಿಯಲಿ ಅನ್ನುವುದು ಅದರ ಸಾರ. ಇಲ್ಲಿಯೂ ಅದೇ ಕಥೆ. ಮನೆ ಎಲ್ಲೋ ಕಳೆದುಹೋಯಿತು, ಕರಪತ್ರ ಉಳಿಯಿತು. ಅದೇ ಊರಿನ ಇನ್ನೊಂದು ಮನೆ, 1639ರದ್ದು, ಅಲ್ಲಿನ ಜರ್ಮನ್ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ. ಹದಿನೇಳನೇ ಶತಮಾನದ ವರ್ತಕರ ಅಡಿಗೆಮನೆಯಲ್ಲಿ ಯಾವ ಪಾತ್ರೆ ಎಲ್ಲಿ ತೂಗುತ್ತಿತ್ತು ಅಂತ ತಿಳಿಯಬೇಕಾದ ಇತಿಹಾಸಕಾರರು ಇಂಥ ಮನೆಗಳನ್ನೇ ನೋಡುತ್ತಾರೆ. ನಿಜವಾದ ಅಡಿಗೆಮನೆಗಳು ಯಾವಾಗಲೋ ಬದಲಾದವು. ಗೊಂಬೆಗಳ ಅಡಿಗೆಮನೆ ಹಾಗೇ ಇದೆ.

ಹಾಲೆಂಡಿನಲ್ಲಿ ಈ ಹುಚ್ಚು ತುತ್ತತುದಿ ಮುಟ್ಟಿತು. ಆಮ್‌ಸ್ಟರ್‌ಡ್ಯಾಮಿನ ರೇಷ್ಮೆ ವ್ಯಾಪಾರಿಯ ಹೆಂಡತಿ ಪೆಟ್ರೊನೆಲ್ಲಾ ಊರ್ಟ್‌ಮನ್ 1686ರಿಂದ 1710ರ ತನಕ ಒಂದೇ ಗೊಂಬೆಮನೆಗೆ ಸಾಮಾನು ಜೋಡಿಸುತ್ತ ಬಂದಳು. ಆಮೆಚಿಪ್ಪು ಕೂರಿಸಿದ ಕಪಾಟು, ಚೀನಾದಿಂದ ಬಂದ ಪಿಂಗಾಣಿ, ಗೋಡೆಗೆ ನಿಜವಾದ ಚಿತ್ರಕಾರರು ಬರೆದ ಚಿತ್ರ. ಆ ದುಡ್ಡಿಗೆ ಕಾಲುವೆಯ ದಂಡೆಯ ಮೇಲೆ ನಿಜವಾದ ಮನೆಯನ್ನೇ ಕೊಳ್ಳಬಹುದಿತ್ತು ಅಂತ ಹೇಳುತ್ತಾರೆ. ಈಗ ಅದು ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿದೆ. ಒಂದು ವಿಷಯ ಮಾತ್ರ ನನ್ನನ್ನು ಕಾಡಿತು. ಯಾಕೋಬ್ ಆಪೆಲ್ ಎಂಬ ಕಲಾವಿದ 1710ರ ಸುಮಾರಿಗೆ ಆ ಗೊಂಬೆಮನೆಯ ಚಿತ್ರ ಬರೆದಿದ್ದಾನೆ. ಅದರಲ್ಲಿ ಕೋಣೆ ಕೋಣೆಯಲ್ಲೂ ಗೊಂಬೆಗಳಿವೆ. ಇವತ್ತು ಮ್ಯೂಸಿಯಮ್ಮಿನಲ್ಲಿ ಮನೆ ಇದೆ, ಸಾಮಾನು ಇದೆ, ಆ ಗೊಂಬೆಗಳಿಲ್ಲ. ಊರಿನ ಎಷ್ಟೋ ಮನೆಗಳು ನೆನಪಾದವು.

ಆದರೆ ನನಗೆ ಹತ್ತಿರವೆನಿಸಿದವಳು ಪೆಟ್ರೊನೆಲ್ಲಾ ಅಲ್ಲ. ಅದೇ ಊರಿನ ಸಾರಾ ರೋಥೆ. ವರ್ತಕರ ಮನೆಯಾಕೆ. ಈಕೆ ಹೊಸ ಗೊಂಬೆಮನೆ ಮಾಡಿಸಲಿಲ್ಲ. 1743ರಲ್ಲಿ ಹರಾಜಿನಲ್ಲಿ ಹಳೆಯ ಮೂರು ಗೊಂಬೆಮನೆಗಳನ್ನು ಕೊಂಡುಕೊಂಡಳು. ಹೌದು, ಸೆಕೆಂಡ್ ಹ್ಯಾಂಡ್! ಬಡಗಿಯಿಂದ ಹೊಸ ಕಪಾಟು ಮಾಡಿಸಿ, ಮೂರರ ಸಾಮಾನನ್ನು ಆರಿಸಿ, ಸೇರಿಸಿ, ಎರಡು ಮನೆ ಮಾಡಿದಳು. ಹಳೆಯದರಲ್ಲಿ ಚೆನ್ನಾಗಿದ್ದದ್ದನ್ನು ಇಟ್ಟುಕೊಂಡಳು, ಇಲ್ಲದ್ದನ್ನು ಮಾಡಿಸಿದಳು, ಬಟ್ಟೆಬರೆಯಲ್ಲಿ ಕೆಲವನ್ನು ತಾನೇ ಹೊಲಿದಳು. ಇದೆಲ್ಲಕ್ಕಿಂತ ಹೆಚ್ಚಿನದು, ಎಲ್ಲವನ್ನೂ ಬರೆದಿಟ್ಟಳು. ಏನು ಹಳೆಯದು, ಏನು ಹೊಸದು, ಯಾರಿಂದ ಮಾಡಿಸಿದ್ದು, ಎಷ್ಟು ಕೊಟ್ಟದ್ದು. ಇವತ್ತು ಅವಳ ಒಂದು ಮನೆ ಹೇಗ್ ನಗರದ ಕುನ್ಸ್ಟ್‌ಮ್ಯೂಸಿಯಮ್ಮಿನಲ್ಲೂ ಇನ್ನೊಂದು ಹಾರ್ಲೆಮ್ಮಿನ ಫ್ರಾನ್ಸ್ ಹಾಲ್ಸ್ ಮ್ಯೂಸಿಯಮ್ಮಿನಲ್ಲೂ ಇವೆ. ಅವಳ ಲೆಕ್ಕದ ಬರಹ ಇರುವುದರಿಂದಲೇ ಯಾವುದು ಹದಿನೇಳನೇ ಶತಮಾನದ್ದು, ಯಾವುದು ಅವಳ ಕಾಲದ್ದು ಅಂತ ವಿದ್ವಾಂಸರು ಬೇರ್ಪಡಿಸಬಲ್ಲರು. ರಿಪೇರಿ ಮಾಡುವವರಲ್ಲಿ ನಾನು ಕಂಡ ಮೊದಲ ಪ್ರಾಮಾಣಿಕ ಆಡಿಟರ್ ಈಕೆ.

ಇಂಗ್ಲೆಂಡಿನಲ್ಲಿ ಇವನ್ನು ಆಗ 'ಬೇಬಿ ಹೌಸ್' ಅನ್ನುತ್ತಿದ್ದರು. ಬೇಬಿ ಅಂದರೆ ಕೂಸಲ್ಲ, ಆ ಕಾಲದ ಮಾತಿನಲ್ಲಿ ಗೊಂಬೆ. ಅಪಾರ್ಕ್ ಎಂಬ ದೊಡ್ಡ ಬಂಗಲೆಯಲ್ಲಿ ಅಂಥದ್ದೊಂದಿದೆ. 1746ರಲ್ಲಿ ಮದುವೆಯಾದ ಸಾರಾ ಲೆಥ್ಯುಲಿಯರ್ ತನ್ನ ಜೊತೆ ತಂದದ್ದು. ತವರಿನಿಂದ ತಂದ ಮನೆ ಅನ್ನಿ. 1989ರ ಆಗಸ್ಟ್ 30ರಂದು ಅಪಾರ್ಕ್‌ಗೆ ಬೆಂಕಿ ಬಿತ್ತು. ಮಾಡು ರಿಪೇರಿ ಮಾಡುತ್ತಿದ್ದ ಕೆಲಸಗಾರರ ಉರಿಯುವ ಉಪಕರಣದಿಂದ ಹತ್ತಿಕೊಂಡದ್ದು! ಮೇಲಿನ ಮಹಡಿ ಪೂರ್ತಿ ಹೋಯಿತು. ಗೊಂಬೆಮನೆ ಉಳಿಯಿತು. ಆಮೇಲೆ ನ್ಯಾಷನಲ್ ಟ್ರಸ್ಟ್ ವರ್ಷಗಟ್ಟಲೆ ದುಡಿದು ಬಂಗಲೆಯನ್ನು ಬೆಂಕಿಯ ಹಿಂದಿನ ದಿನ ಹೇಗಿತ್ತೋ ಹಾಗೆ ಕಟ್ಟಿ 1995ರಲ್ಲಿ ಜನರಿಗೆ ತೆರೆಯಿತು. ಅಂದರೆ ಅಲ್ಲಿ ಈಗ ಬಂಗಲೆಯ ಬಹುಭಾಗ ಹೊಸದು, ಅದರೊಳಗಿನ ಗೊಂಬೆಮನೆ ಹಳೆಯದು.

ಇನ್ನು ನಮ್ಮ ಚೋರ್ ಬಜಾರಿನ ಮಾಲಿಗೆ ಬರೋಣ. ಇದು ಶ್ರೀಮಂತರ ಕಪಾಟಲ್ಲ, ಕಾರ್ಖಾನೆಯ ಸರಕು. ಹತ್ತೊಂಬತ್ತನೇ ಶತಮಾನದ ಕೊನೆಗೆ ಗೊಂಬೆಮನೆ ಮಕ್ಕಳ ಕೈಗೆ ಬಂದಿತ್ತು. ಜರ್ಮನಿಯ ಮೊರಿಟ್ಸ್ ಗಾಟ್‌ಶಾಲ್ಕ್ ಕಂಪನಿ ಮರದ ಮೇಲೆ ಬಣ್ಣದ ಅಚ್ಚಿನ ಕಾಗದ ಅಂಟಿಸಿದ ಮನೆಗಳನ್ನು ಊರೂರಿಗೆ ಕಳಿಸುತ್ತಿತ್ತು. ಹಳೇ ಗೊಂಬೆಮನೆ ಕೊಳ್ಳುವವರಿಗೆ ಒಂದು ಸುಲಭದ ಗುರುತಿದೆ. ಗಾಟ್‌ಶಾಲ್ಕ್ ಮನೆಯ ಮಾಡು ನೀಲಿಯಾಗಿದ್ದರೆ ಅದು ಸುಮಾರಾಗಿ 1910ಕ್ಕಿಂತ ಮುಂಚಿನದು, ಕೆಂಪಾಗಿದ್ದರೆ ಆಮೇಲಿನದು. ಚೆಂದ ಕಾಣಲಿ ಅಂತ ಯಾರಾದರೂ ನೀಲಿ ಮಾಡಿಗೆ ಕೆಂಪು ಬಳಿದರೆ ಹುಟ್ಟಿದ ತಾರೀಖನ್ನೇ ಅಳಿಸಿದ ಹಾಗೆ!

ಮೊದಲ ಮಹಾಯುದ್ಧ ಬಂದು ಜರ್ಮನ್ ಆಟಿಕೆ ಇಂಗ್ಲೆಂಡಿಗೆ ಬರುವುದು ನಿಂತಿತು. ಯುದ್ಧ ಮುಗಿದ ಮೇಲೆ 1919ರಲ್ಲಿ ಲೈನ್ಸ್ ಅನ್ನುವ ಮನೆತನದ ಮೂವರು ಅಣ್ಣತಮ್ಮಂದಿರು ಲಂಡನ್ನಿನಲ್ಲಿ ಕಂಪನಿ ತೆಗೆದರು. ಮೂರು ಲೈನ್, ಅಂದರೆ ಮೂರು ಗೆರೆ. ಮೂರು ಗೆರೆ ಸೇರಿದರೆ ತ್ರಿಕೋನ. ಹಾಗಾಗಿ ಅವರ ಮುದ್ರೆ 'ಟ್ರಯಾಂಗ್'. ನಮ್ಮ ಮನೆಯ ಹಿಂಬದಿಯಲ್ಲಿ ಅರ್ಧ ಅಳಿಸಿದ ಒಂದು ತ್ರಿಕೋನ ಇರುವುದನ್ನು ಪತ್ತೆ ಮಾಡಿದವಳು ನನ್ನ ಮಗಳು. ಲಂಡನ್ನಿನ ಹೊರವಲಯದಲ್ಲಿ 1930ರ ದಶಕದಲ್ಲಿ ಹಬ್ಬಿದ ಹೊಸ ಬಡಾವಣೆಗಳಲ್ಲಿ, ಇಟ್ಟಿಗೆ ಗೋಡೆಯ ಮೇಲೆ ಕಪ್ಪು ಮರದ ಪಟ್ಟಿ ಹೊಡೆದು ನಾಲ್ಕುನೂರು ವರ್ಷ ಹಳೆಯ ಮನೆಯಂತೆ ತೋರಿಸುವ ಫ್ಯಾಷನ್ ಇತ್ತು. ಟ್ರಯಾಂಗ್ ಅದನ್ನೇ ಗೊಂಬೆಗಳಿಗೆ ಮಾಡಿತು. ಎರಡನೇ ಮಹಾಯುದ್ಧದಲ್ಲಿ ಇದೇ ಕಂಪನಿ ಆಟಿಕೆ ಬಿಟ್ಟು ಸ್ಟೆನ್ ಗನ್ ಮಾಡಿತು. ಯುದ್ಧ ಮುಗಿಯಿತು, ಮತ್ತೆ ಗೊಂಬೆಮನೆ. ಕೊನೆಗೆ 1971ರಲ್ಲಿ ದಿವಾಳಿ.

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಜಗತ್ತಿನ ಅತಿ ಪ್ರಸಿದ್ಧ ಗೊಂಬೆಮನೆಯೂ ಹುಟ್ಟಿತು. 1921ರಿಂದ 1924ರ ತನಕ ರಾಣಿ ಮೇರಿಗಾಗಿ ಕಟ್ಟಿದ್ದು. ವಾಸ್ತುಶಿಲ್ಪಿ ಯಾರು ಗೊತ್ತೇ? ಎಡ್ವಿನ್ ಲುಟ್ಯೆನ್ಸ್. ನಮ್ಮ ಹೊಸದಿಲ್ಲಿಯ ಲುಟ್ಯೆನ್ಸ್! ಒಂದು ಕಡೆ ರೈಸಿನಾ ಗುಡ್ಡದ ಮೇಲೆ ವೈಸ್‌ರಾಯ್ ಭವನ, ಅಂದರೆ ಇಂದಿನ ರಾಷ್ಟ್ರಪತಿ ಭವನ ಏಳುತ್ತಿದ್ದಾಗಲೇ ಇನ್ನೊಂದು ಕಡೆ ಒಂದು ಅಡಿಗೆ ಒಂದು ಇಂಚಿನ ಅಳತೆಯಲ್ಲಿ ಇದನ್ನೂ ಕಟ್ಟಿಸುತ್ತಿದ್ದ. ನಲ್ಲಿಯಲ್ಲಿ ನೀರು ಬರುತ್ತದೆ, ಲಿಫ್ಟ್ ಓಡುತ್ತದೆ, ವಿದ್ಯುತ್ ದೀಪ ಉರಿಯುತ್ತದೆ. ಲೈಬ್ರರಿಗೆ ಕಾನನ್ ಡಾಯ್ಲ್, ಕಿಪ್ಲಿಂಗ್, ಹಾರ್ಡಿ ಮೊದಲಾದವರ ಬರಹಗಳಿರುವ ಬೆರಳುಗಾತ್ರದ ಪುಸ್ತಕಗಳು. ಬರ್ನಾರ್ಡ್ ಶಾ ಮಾತ್ರ ಆಗುವುದಿಲ್ಲ ಅಂದನಂತೆ. 1924ರ ವೆಂಬ್ಲಿ ಪ್ರದರ್ಶನದಲ್ಲಿ 16 ಲಕ್ಷಕ್ಕೂ ಹೆಚ್ಚು ಜನ ಇದನ್ನು ಸಾಲುಗಟ್ಟಿ ನೋಡಿದರು. ಈಗ ವಿಂಡ್ಸರ್ ಅರಮನೆಯಲ್ಲಿದೆ. ನೋಡುವುದಕ್ಕೆ ಅದ್ಭುತವೇ ಸರಿ. ಆದರೆ ಒಂದು ಮಾತು. ಅದರಲ್ಲಿ ಯಾರೂ ಆಡಿಲ್ಲ. ಯಾರೂ ಗೋಡೆಗೆ ಕ್ರೇಯಾನ್ ಬಳಿದಿಲ್ಲ. ಕೈಯಿಂದ ಕೈಗೆ ಮಾರಾಟವಾಗಿಲ್ಲ.

ಮಾರಾಟವಾಗಿ, ಮೂಲೆಗೆ ಬಿದ್ದು, ಕೋಳಿಗೂಡಾಗುವ ಹಂತಕ್ಕೆ ಬಂದ ಗೊಂಬೆಮನೆಗಳಿಗೆ ಮರ್ಯಾದೆ ತಂದುಕೊಟ್ಟವಳು ಬೇರೊಬ್ಬಳು. ಅವಳ ಹೆಸರು ವಿವಿಯನ್ ಗ್ರೀನ್. 1904ರಲ್ಲಿ ಹುಟ್ಟಿದವಳು. ಕಾದಂಬರಿಕಾರ ಗ್ರಹಾಂ ಗ್ರೀನ್‌ನನ್ನು 1927ರಲ್ಲಿ ಮದುವೆಯಾದಳು. ಲಂಡನ್ನಿನ ಕ್ಲಾಪಮ್ ಕಾಮನ್ ಎದುರು ಅವರದ್ದೊಂದು ಚೆಂದದ ಹಳೆಯ ಮನೆ ಇತ್ತು. ಆಕೆ ಇಷ್ಟಪಟ್ಟು ಅಲಂಕರಿಸಿದ್ದು. 1940ರ ಅಕ್ಟೋಬರಿನಲ್ಲಿ ಜರ್ಮನ್ ಬಾಂಬಿಗೆ ಅದು ಹಾಳಾಯಿತು. ಆಕೆ, ಇಬ್ಬರು ಮಕ್ಕಳು ಊರು ಬಿಟ್ಟಿದ್ದರಿಂದ ಉಳಿದರು. ಗಂಡನ ಮನಸ್ಸು ಆ ಹೊತ್ತಿಗಾಗಲೇ ಬೇರೆ ಕಡೆ ಇತ್ತು. ಯುದ್ಧ ಮುಗಿದ ಮೇಲೆ ಅವನು ಹೊರಟೇ ಹೋದ. ಕ್ಯಾಥೊಲಿಕ್ಕರಾದ್ದರಿಂದ ವಿಚ್ಛೇದನ ಆಗಲಿಲ್ಲ.

ಬೇರೆಯವರ ಆಶ್ರಯದಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಆ ಯುದ್ಧದ ವರ್ಷಗಳಲ್ಲಿ ಆಕೆ ಒಂದು ಹರಾಜಿನಲ್ಲಿ ಕೆಲವೇ ಪೌಂಡಿಗೆ ಒಂದು ಹಾಳುಬಿದ್ದ ಗೊಂಬೆಮನೆ ಕೊಂಡಳು. ಕಿಟಕಿಗೆ ಕಪ್ಪುಬಟ್ಟೆ ಕಟ್ಟಿದ ಬ್ಲ್ಯಾಕ್‌ಔಟಿನ ಸಂಜೆಗಳಲ್ಲಿ ಕೂತು ಅದನ್ನು ರಿಪೇರಿ ಮಾಡಿದಳು. ಆಗ ಅಂಗಡಿಯಲ್ಲಿ ಹೊಸ ಸಾಮಾನೂ ಸಿಗುತ್ತಿರಲಿಲ್ಲ, ಹಳೆಯದನ್ನು ಯಾರೂ ಕೇಳುತ್ತಲೂ ಇರಲಿಲ್ಲ. ಒಂದಾದ ಮೇಲೆ ಒಂದು ಕೊಂಡಳು. ಈ ಮನೆಗಳ ಬಗ್ಗೆ ಓದೋಣವೆಂದರೆ ಸರಿಯಾದ ಪುಸ್ತಕವಿರಲಿಲ್ಲ. ತಾನೇ ಊರೂರು ತಿರುಗಿ, ಅಳೆದು, ಬರೆದು, 1955ರಲ್ಲಿ ಇಂಗ್ಲಿಷ್ ಗೊಂಬೆಮನೆಗಳ ಬಗ್ಗೆ ಪುಸ್ತಕ ತಂದಳು. ಗೊಂಬೆಗಳಲ್ಲಿ ಆಕೆಗೆ ಹೆಚ್ಚು ಆಸಕ್ತಿಯಿರಲಿಲ್ಲ, ಮನೆಯಲ್ಲಿತ್ತು. ಆ ಕಾಲದ ಮೆಟ್ಟಿಲು ಹೇಗಿತ್ತು, ಒಲೆ ಹೇಗಿತ್ತು, ಗೋಡೆಯ ಕಾಗದ ಯಾವುದು ಅಂತ. ಮೇಲೆ ಬಳಿದ ಬಣ್ಣದಡಿ ಮೊದಲ ಕಾಗದ ಉಳಿದಿದ್ದರೆ ಅದೇ ಆಕೆಗೆ ನಿಧಿ. 1962ರಲ್ಲಿ ಆಕ್ಸ್‌ಫರ್ಡಿನ ಇಫ್ಲಿಯಲ್ಲಿ ತನ್ನ ಮನೆಯ ತೋಟದಲ್ಲೇ 'ರೊಟಂಡಾ' ಎಂಬ ಗುಂಡಗಿನ ಕಟ್ಟಡ ಕಟ್ಟಿಸಿ ಮ್ಯೂಸಿಯಂ ಮಾಡಿದಳು. ಹದಿನಾರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ! 1998ರಲ್ಲಿ, ತೊಂಬತ್ತು ದಾಟಿದ ಮೇಲೆ, ಸಂಗ್ರಹವನ್ನು ಹರಾಜಿಗಿಟ್ಟಳು. ಹರಾಜಿನಿಂದ ಬಂದದ್ದು ಹರಾಜಿಗೆ. 2003ರಲ್ಲಿ, 99ರ ವಯಸ್ಸಿನಲ್ಲಿ ತೀರಿಕೊಂಡಳು.

ಇದನ್ನೆಲ್ಲ ಓದಿ ಮುಗಿಸುವಾಗ ಹುಟ್ಟುಹಬ್ಬಕ್ಕೆ ಹತ್ತು ದಿನ ಉಳಿದಿತ್ತು. ನಾನೂ ಮಗಳೂ ಕೂತು ಒಂದೇ ಒಂದು ಮೂಲೆಯಲ್ಲಿ, ಅಂಗೈ ಅಗಲದಷ್ಟು ಜಾಗದಲ್ಲಿ, ಒದ್ದೆ ಹತ್ತಿಯಿಂದ ಒಂದೊಂದೇ ಪದರ ಬಿಡಿಸಿದೆವು.

ಮೇಲೆ ಗುಲಾಬಿ ಎಣ್ಣೆಬಣ್ಣ. ಅದರ ಕೆಳಗೆ ಉಡುಗೊರೆ ಸುತ್ತುವ ಹೊಳೆಯುವ ಕಾಗದ. ಅದರ ಕೆಳಗೆ ಮರಾಠಿ ಪತ್ರಿಕೆಯ ತುಂಡು. ತಾರೀಖು ಹರಿದುಹೋಗಿತ್ತು, ಆದರೆ ಒಂದು ಜಾಹೀರಾತಿನಲ್ಲಿ ಬೆಲೆ ಆಣೆಯಲ್ಲಿತ್ತು. ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಆದ್ದರಿಂದ ಆ ಕಾಗದ ಅಚ್ಚಾದದ್ದು ಅದಕ್ಕಿಂತ ಮುಂಚೆ ಅಥವಾ ಅದರ ಆಸುಪಾಸಿನಲ್ಲಿ. ಬಿಕಾಂನಲ್ಲಿ ಕಲಿತದ್ದು ಇಲ್ಲಿ ಹೀಗೆ ಉಪಯೋಗಕ್ಕೆ ಬಂತು! ಎಲ್ಲಕ್ಕಿಂತ ಅಡಿಯಲ್ಲಿ, ಸಣ್ಣ ಸಣ್ಣ ನೀಲಿ ಹೂವಿನ ಕಾಗದ. ಕಾರ್ಖಾನೆಯಲ್ಲಿ ಅಂಟಿಸಿದ್ದೇ ಇರಬೇಕು.

ಆಮೇಲೆ ಇನ್ನೊಂದು ಕಂಡಿತು. ಮೇಲಿನ ಮಹಡಿಯ ಬಚ್ಚಲುಮನೆ ಅನ್ನಿಸುವ ಚಿಕ್ಕ ಕೋಣೆಗೆ ಯಾರೂ ಗುಲಾಬಿ ಬಣ್ಣ ಬಳಿದಿರಲಿಲ್ಲ. ಒಳಗೆ ಟಾರ್ಚ್ ಹಾಕಿ ನೋಡಿದರೆ, ಹಿಂದಿನ ಗೋಡೆಯ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಬಿಡಿಸಿದ ಗಣಪತಿ. ಸೊಂಡಿಲು ಸೊಟ್ಟ, ಒಂದು ಕಿವಿ ದೊಡ್ಡದು. ಕೆಳಗೆ ಎರಡು ದೀಪ, ಅದಕ್ಕೆ ಹಳದಿ ಬಣ್ಣ. ಪಕ್ಕದಲ್ಲಿ ಒಂದು ಗೂಡಿನ ಚಿತ್ರ, ಅದರಲ್ಲಿ ಗಿಡ. ತುಳಸಿಕಟ್ಟೆಯೇ. ಈ ಊರಿನ ಯಾವುದೋ ಹುಡುಗಿ ಅಂದುಕೊಳ್ಳುತ್ತೇನೆ, ಹುಡುಗನೂ ಇರಬಹುದು. ಲಂಡನ್ನಿನ ಬಡಾವಣೆಯ ಮನೆಯಲ್ಲಿ ದೇವರಕೋಣೆ ಇಲ್ಲವಲ್ಲ ಅಂತ ಬಚ್ಚಲನ್ನೇ ದೇವರಕೋಣೆ ಮಾಡಿಕೊಂಡಿದೆ ಆ ಮಗು!

"ಅಪ್ಪಾ, ಇದು ಒರಿಜಿನಲ್ ಅಲ್ವಲ್ಲ. ಗುಲಾಬಿ ಬಣ್ಣ, ಪೇಪರ್, ಇದೂ ಎಲ್ಲ ತೆಗೆದ್ರೆ ಕೆಳಗಿನ ನೀಲಿ ಹೂವು ಪೂರ್ತಿ ಸಿಗುತ್ತೆ" ಅಂದಳು ಮಗಳು. ಅವಳ ಮಾತಿನಲ್ಲಿ ತಪ್ಪಿಲ್ಲ. ವಿವಿಯನ್ ಗ್ರೀನ್ ಇದ್ದಿದ್ದರೆ ಬಹುಶಃ ನೀಲಿ ಹೂವಿನ ಪಕ್ಷವನ್ನೇ ವಹಿಸುತ್ತಿದ್ದಳೋ ಏನೋ. ನನ್ನಾಕೆ ಅಡಿಗೆಮನೆಯಿಂದಲೇ ಹೇಳಿದಳು, "ಗಣಪತಿಯನ್ನು ಉಜ್ಜಿ ತೆಗೀತೀರಾ? ಸುಮ್ನಿರಿ."

ನನಗೆ ಊರಿನ ಮನೆ ನೆನಪಾಯಿತು. ಕುಂದಾಪುರದ ಕಡೆ ನಮ್ಮದೊಂದು ನಾಲ್ಕು ಸುತ್ತಿನ ಮನೆ ಇತ್ತು. ಅಜ್ಜ ತೀರಿಕೊಂಡ ಮೇಲೆ ಪಾಲಾಗಿ, ಮಾರಾಟವಾಗಿ, ಕಂಬಗಳು ಒಂದು ಲಾರಿಯಲ್ಲಿ, ಬಾಗಿಲು ಇನ್ನೊಂದು ಲಾರಿಯಲ್ಲಿ ಹೋದವು. ನಾನು ಮುಂಬೈಯಿಂದಲೇ ಕಾಗದಕ್ಕೆ ಸಹಿ ಹಾಕಿ ಕಳಿಸಿದೆ. ಚಾವಡಿಯ ಗೋಡೆಯ ಮೇಲೆ ಅಜ್ಜಿ ಹಾಲಿನ ಲೆಕ್ಕ ಬರೆಯುತ್ತಿದ್ದ ಇದ್ದಿಲ ಗೆರೆಗಳಿದ್ದವು. ಬಾಗಿಲ ಪಟ್ಟಿಯ ಮೇಲೆ ನಮ್ಮೆಲ್ಲ ಮಕ್ಕಳ ಎತ್ತರದ ಗುರುತುಗಳಿದ್ದವು. ಬಾಗಿಲು ಕೊಂಡವರು ಪಾಲಿಶ್ ಹಿಡಿಸಿ ಎಲ್ಲೋ ಹೋಟೆಲ್ಲಿಗೆ ಕೂರಿಸಿರುತ್ತಾರೆ. ಬಾಗಿಲು ಹಳೆಯದೇ, ಒರಿಜಿನಲ್ಲೇ. ಆದರೆ ನಾವು ಅದರಲ್ಲಿಲ್ಲ. ಹಾಗೆ ಆಗಬಾರದು ಅಂತ ಮಣಿಪಾಲದ ವಿಜಯನಾಥ ಶೆಣೈಯವರು ಕೆಡವುತ್ತಿದ್ದ ಮನೆಗಳನ್ನು ತುಂಡು ತುಂಡಾಗಿ ತಂದು ಹಸ್ತಶಿಲ್ಪ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರು. ನಮ್ಮ ಮನೆ ಅವರ ಕಣ್ಣಿಗೆ ಬೀಳುವಷ್ಟು ದೊಡ್ಡದೂ ಅಲ್ಲ, ಬೀಳಿಸುವಷ್ಟು ಬುದ್ಧಿ ನಮಗೆ ಆಗ ಇರಲೂ ಇಲ್ಲ.

1964ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ವೆನಿಸ್‌ನಲ್ಲಿ ಒಂದು ನಿಯಮಾವಳಿ ಮಾಡಿದರು. ಊಹೆ ಶುರುವಾಗುವಲ್ಲಿ ರಿಪೇರಿ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹೊಸದು ಅಂತ ಗೊತ್ತಾಗಬೇಕು, ಎಲ್ಲ ಕಾಲದವರು ಸೇರಿಸಿದ್ದಕ್ಕೂ ಗೌರವ ಕೊಡಬೇಕು ಅನ್ನುವುದು ಅದರ ತಿರುಳು. ದೊಡ್ಡ ದೊಡ್ಡ ಕಟ್ಟಡಗಳಿಗೆ ಬರೆದದ್ದು, ಸಾವಿರದ ಇನ್ನೂರು ರೂಪಾಯಿಯ ಮನೆಗೂ ಅನ್ವಯಿಸುತ್ತದೆ ಅಂತ ತೀರ್ಮಾನಿಸಿದೆವು.

ಕೊನೆಗೆ ಮಾಡಿದ್ದು ಇಷ್ಟು. ಗೆದ್ದಲು ತಿಂದ ಮೂಲೆಗೆ ಔಷಧಿ ಹಚ್ಚಿ, ಪುಡಿಯಾದ ಭಾಗವನ್ನಷ್ಟೇ ಕತ್ತರಿಸಿ ಹೊಸ ಮರ ಕೂರಿಸಿದೆವು. ಹೊಸ ಮರ ಹೊಸದಾಗಿಯೇ ಕಾಣುತ್ತದೆ, ಕಾಣಲಿ. ಇಲ್ಲದ ಎರಡು ಕಿಟಕಿಗೆ ಡಾಲ್ಡಾ ಡಬ್ಬಿಯಂಥ ತಗಡು ಕತ್ತರಿಸಿ ಮಾಡಿಸಿದೆ. ಗುಲಾಬಿ ಬಣ್ಣ ಮಲಗುವ ಕೋಣೆಯಲ್ಲಿ ಹಾಗೇ ಉಳಿಯಿತು. ನಾವು ಬಿಡಿಸಿದ ಮೂಲೆಯನ್ನು ಮುಚ್ಚಲಿಲ್ಲ, ನಾಲ್ಕು ಪದರವೂ ಮೆಟ್ಟಿಲಿನಂತೆ ಕಾಣುತ್ತವೆ. ಕೆಳಗಿನ ಎರಡು ಕೋಣೆಗಳಲ್ಲಿ ಗೋಡೆ ಬರೀ ಮರವಾಗಿತ್ತು, ಅಲ್ಲಿ ಮಾತ್ರ ನಮ್ಮ ಅಲಂಕಾರ. ಮೈದಾ ಅಂಟಿನಲ್ಲಿ ಹೊಸ ಕಾಗದ ಅಂಟಿಸಿದೆವು. ಫೆವಿಕಾಲ್ ಅಲ್ಲ, ಯಾಕೆಂದರೆ ಮೈದಾ ಅಂಟನ್ನು ನಾಳೆ ಯಾರಾದರೂ ಒದ್ದೆ ಮಾಡಿ ಬಿಡಿಸಬಹುದು. ನನ್ನಾಕೆ ಹಳೇ ಇಳಕಲ್ ಸೀರೆಯ ಅಂಚಿನಿಂದ ಪರದೆ ಹೊಲಿದಳು. ಬೆಂಕಿಪೊಟ್ಟಣದ ಕಪಾಟು, ಬಾಟಲಿ ಮುಚ್ಚಳದ ಕಡಾಯಿ, ನೂಲಿನ ಚಾಪೆ.

ಅಂದ ಹಾಗೆ ಹಳೇ ಗೊಂಬೆಮನೆ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಆ ಕಾಲದ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಪಾಲಿಶ್ ಪೇಪರಿನಿಂದ ಒಣಗಿದ್ದನ್ನು ಉಜ್ಜಬಾರದು, ಧೂಳು ಒಳಗೆ ಹೋಗುತ್ತದೆ. ನಾನು ಮೊದಲ ದಿನ ಕೆರೆದದ್ದೇ ತಪ್ಪು. ಬಾಯಿಗೆ ಎಲ್ಲವನ್ನೂ ಹಾಕಿಕೊಳ್ಳುವ ಪುಟ್ಟ ಮಕ್ಕಳಿಗಂತೂ ಇಂಥದ್ದನ್ನು ಕೊಡಲೇಬಾರದು. ಅಕ್ಕನ ಮೊಮ್ಮಗಳಿಗೆ ಹೊಸ ಸೈಕಲ್ ಕೊಟ್ಟದ್ದು ಈ ಕಾರಣಕ್ಕೇ. (ಗೊಂಬೆಮನೆಯನ್ನು ಬಿಟ್ಟುಕೊಡಲು ನನಗೇ ಮನಸ್ಸಾಗಲಿಲ್ಲ ಅನ್ನುವುದು ನನ್ನಾಕೆಯ ಆರೋಪ. ಅದೂ ಸುಳ್ಳಲ್ಲ.)

ಸಾರಾ ರೋಥೆಯನ್ನು ನೆನೆದು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಲೆಕ್ಕ ಬರೆದಿದ್ದೇನೆ. ಕೊಂಡದ್ದು, ಮರ, ತಗಡು, ಕಾಗದ, ಯಾವುದು ಮೊದಲೇ ಇತ್ತು, ಯಾವುದು ನಮ್ಮದು. ಟ್ಯಾಕ್ಸಿಯನ್ನೂ ಬರೆದೆ. ಮನೆಯಾಕೆ ಓದಿದಳು, ಏನೂ ಹೇಳಲಿಲ್ಲ. ಆ ನೋಟ್‌ಬುಕ್ ಮಡಚಿ ಗೊಂಬೆಮನೆಯ ಹಿಂದೆಯೇ ಇಟ್ಟಿದ್ದೇನೆ. ಉಳಿದ ನೂರ ತೊಂಬತ್ತೊಂಬತ್ತು ಪುಟ ಮುಂದಿನ ಒಡೆಯರಿಗೆ.

ಹುಟ್ಟುಹಬ್ಬದ ಮರುವಾರ ಅಕ್ಕನ ಮೊಮ್ಮಗಳು ನಮ್ಮಲ್ಲಿಗೆ ಬಂದಿದ್ದಳು. ಗೊಂಬೆಮನೆಯ ಮುಂಭಾಗ ತೆರೆದು, ಬಗ್ಗಿ, ಎಲ್ಲ ಕೋಣೆ ನೋಡಿದಳು. ಇಳಕಲ್ ಪರದೆ ಅವಳಿಗೆ ಏನೂ ಅನ್ನಿಸಲಿಲ್ಲ. ಮೇಲಿನ ಚಿಕ್ಕ ಕೋಣೆಯ ಎದುರು ನಿಂತವಳು, "ಅಜ್ಜಾ, ಇದನ್ನ ಯಾರು ಬರ್ದಿದ್ದು?" ಅಂತ ಕೇಳಿದಳು.

"ಮುಂಚೆ ಈ ಮನೆಯಲ್ಲಿ ಇದ್ದವರು" ಅಂದೆ.